ಎಣ್ಣೆ ಡಬ್ಬದ ಎರಡನೇ ತೂತು

ಹೊಸ ಎಣ್ಣೆ ಡಬ್ಬ ಮನೆಗೆ ಬಂದರೆ ನೀವು ಎಷ್ಟು ತೂತು ಹೊಡೆಯುತ್ತೀರಿ, ಒಂದೋ ಎರಡೋ? ನಿಜ ಹೇಳಿ, ನಾನೇನು ನಿಮ್ಮ ಅಡುಗೆಮನೆಗೆ ಬಂದು ನೋಡುವುದಿಲ್ಲ. ಒಂದು ಎಂದವರು ಇದನ್ನು ಓದಲೇಬೇಕು. ಎರಡು ಎಂದವರೂ ಬೀಗಬೇಡಿ. ನಾನೂ ಬುದ್ಧಿ ಬಂದಾಗಿನಿಂದ ಎರಡೇ ಹೊಡೆದವಳು. ಆದರೂ ವಿಶಾಖಪಟ್ಟಣದಲ್ಲಿ ಒಂದು ಕಾರಿನ ಮುಂದೆ ನಾಲ್ಕು ಭಾನುವಾರ ಪೆದ್ದಿಯ ಹಾಗೆ ನಿಂತಿದ್ದೆ.

ಕಾರು ನನ್ನ ಅಪ್ಪನದು. ಅಪ್ಪ ಗದಗಿನ ಹತ್ತಿರ ಒಂದು ಊರಿನಲ್ಲಿ ಡಾಕ್ಟರು. ಐವತ್ತರ ದಶಕದ ವಿಲಾಯತಿ ಕಾರು, ದುಂಡು ಮೂತಿ, ಕಪ್ಪು ಮೈ, ಬಾಗಿಲು ಹಾಕಿದರೆ ಕಬ್ಬಿಣದ ತಿಜೋರಿ ಹಾಕಿದಂಥ ಸದ್ದು. ಅದರಲ್ಲಿ ಅಪ್ಪ ಎರೆಮಣ್ಣಿನ ದಾರಿ ಹಿಡಿದು ಹಳ್ಳಿ ಹಳ್ಳಿಗೆ ಹೋಗಿ ಸೂಜಿ ಚುಚ್ಚಿ ಬರುತ್ತಿದ್ದರು. ಸ್ಟೀರಿಂಗಿನ ಪಕ್ಕದಲ್ಲಿ ಸ್ಟೆತಸ್ಕೋಪು ತೂಗುಹಾಕಲು ಒಂದು ಹಿತ್ತಾಳೆ ಕೊಕ್ಕೆ ಬಡಿಸಿಕೊಂಡಿದ್ದರು. ಅಪ್ಪ ಹೋದ ಮೇಲೆ ಅಣ್ಣ ಕರೆದು, ನಿನಗೇನು ಬೇಕು ಕೇಳು ಎಂದ. ನಾನು ಕಾರು ಎಂದೆ. ಅಣ್ಣನಿಗೆ ನಗು ಬಂತು, ನನ್ನ ಯಜಮಾನರಿಗೆ ಅಳು ಬಂತು. ತವರಿನಿಂದ ನನಗೆ ಬಂದದ್ದು ಅದೊಂದೇ. ಸ್ಟೆತಸ್ಕೋಪಿನ ಕೊಕ್ಕೆಗೆ ನಾನು ಮಲ್ಲಿಗೆ ಮಾಲೆ ಹಾಕುತ್ತಿದ್ದೆ.

ನನ್ನ ಯಜಮಾನರನ್ನು ಇಲ್ಲಿ ಇವರು ಎಂದೇ ಕರೆಯುತ್ತೇನೆ, ಬಾಯಿಗೆ ಬೇರೆ ಹೆಸರು ರೂಢಿಯಿಲ್ಲ. ಇವರು ಬ್ಯಾಂಕಿನ ಆಫೀಸರು. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ಅದೇ ಕಾರಿನಲ್ಲಿ ಬಂದಿದ್ದೆವು. ಓಡಿದ ದಿನ ಇವರಿಗೆ ಅದು ‘ನಮ್ಮ ಕಾರು’. ನಿಂತ ದಿನ ‘ನಿಮ್ಮಪ್ಪನ ಕಾರು’.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ವರ್ಷದ ಆಯುಧ ಪೂಜೆಯನ್ನು ನಾನು ಜೋರಾಗಿಯೇ ಮಾಡಿದೆ. ಗಂಧ ತೇಯ್ದು, ಕುಂಕುಮ ಕಲಸಿ, ಬೆಣ್ಣೆಯ ಹಾಗೆ ಗಟ್ಟಿ ಮಾಡಿಕೊಂಡು ಬಾನೆಟ್ಟಿಗೆ, ನಾಲ್ಕು ಗಾಲಿಗೆ, ಸ್ಟೀರಿಂಗಿಗೆ, ಅಪ್ಪನ ಕೊಕ್ಕೆಗೆ ಎಲ್ಲಕ್ಕೂ ಹಚ್ಚಿದೆ. ಬಟ್ಟಲಲ್ಲಿ ಇನ್ನೂ ಉಳಿದಿತ್ತು. ಉಣ್ಣುವ ಬಾಯಿಯನ್ನು ಬಿಟ್ಟರೆ ಹೇಗೆ ಎಂದು ಹಿಂದಿನ ಪುಟ್ಟ ಬಾಗಿಲು ತೆಗೆದು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ನಡುಮಧ್ಯೆ ರೂಪಾಯಿ ಅಗಲದ ಬೊಟ್ಟು ಇಟ್ಟೆ. ಚೆಂದ ಕಂಡಿತು.

ದಸರೆ ಮುಗಿದು ವಾರವಾಗಿರಲಿಲ್ಲ, ಕಾರಿಗೆ ರೋಗ ಬಂತು. ಅದೂ ಎಂಥ ರೋಗ! ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಇಪ್ಪತ್ತು, ಇಪ್ಪತ್ತೈದು ನಿಮಿಷ ರಾಜಗಾಂಭೀರ್ಯದಲ್ಲಿ ಹೋಗುತ್ತಿತ್ತು. ಆಮೇಲೆ ಎರಡು ಸಲ ಕೆಮ್ಮಿ, ಒಂದು ಸಲ ಜೋಲಿ ಹೊಡೆದು, ನಡುರಸ್ತೆಯಲ್ಲಿ ತಣ್ಣಗೆ ನಿಂತುಬಿಡುತ್ತಿತ್ತು. ಮೊದಲ ಸಲ ನಿಂತದ್ದು ಬಂದರಿನ ರಸ್ತೆಯಲ್ಲಿ. ಇವರ ಬ್ಯಾಂಕಿನವರೊಬ್ಬರ ಮಗಳ ಮದುವೆಗೆ ಹೊರಟಿದ್ದೆವು. ಹಿಂದೆ ಅದಿರಿನ ಲಾರಿಗಳ ಸಾಲು, ಒಂದೊಂದೂ ಹಾರ್ನು ಒತ್ತಿ ಹಿಡಿದಿತ್ತು.

“ನಿಮ್ಮಪ್ಪನ ಕಾರು ನಿಂತಿತು ನೋಡು,” ಎಂದರು ಇವರು.

“ಪೆಟ್ರೋಲ್ ಐತೇನ್ರೀ?”

ಪೆಟ್ರೋಲ್ ತೋರಿಸುವ ಮುಳ್ಳು ಅಪ್ಪನ ಕಾಲದಲ್ಲೇ ಸತ್ತಿತ್ತು. ಒಂದು ಬಿದಿರಿನ ಸೀಳು ಇಟ್ಟುಕೊಂಡಿದ್ದೆವು. ಮುಚ್ಚಳ ತೆಗೆದು ಅದನ್ನು ಟ್ಯಾಂಕಿಗೆ ಇಳಿಬಿಟ್ಟು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಬೇಕು. ಇವರು ಇಳಿದು ಹೋಗಿ ನೋಡಿ ಬಂದರು.

“ಅರ್ಧ ಕೋಲು ತೊಯ್ದೈತಿ. ಪೆಟ್ರೋಲ್ ಭಾಳ ಐತಿ. ಇಳಿ, ನೂಕು.”

“ರೇಷ್ಮಿ ಸೀರಿ ಉಟ್ಕೊಂಡು ನೂಕಬೇಕೇನ್ರೀ?”

“ಸೀರಿ ನೂಕಂಗಿಲ್ಲ, ಕೈ ನೂಕ್ತಾವ.”

ನೂಕಿದೆ. ನಾಲ್ಕು ಹೆಜ್ಜೆಗೇ ಎಂಜಿನು ಗುರ್ ಎಂದಿತು. ನನ್ನ ನವಿಲುಬಣ್ಣದ ಸೀರೆಯ ಮೇಲೆ ಅದಿರಿನ ಕೆಂಪು ಧೂಳು ಕೂತು, ಮದುವೆ ಮನೆಯಲ್ಲಿ ಎಲ್ಲರೂ ಅದನ್ನೇ ಹೊಸ ಡಿಸೈನು ಎಂದುಕೊಂಡರು.

ಇವರು ಅದೇ ಸಂಜೆ ರೋಗದ ಹೆಸರು ಹೇಳಿಬಿಟ್ಟರು. ಟ್ಯಾಂಕಿನಿಂದ ಎಂಜಿನಿಗೆ ಪೆಟ್ರೋಲು ಎಳೆಯುವ ಪಂಪು ಬಿಸಿಯಾಗುತ್ತದೆ, ಒಳಗೆ ಪೆಟ್ರೋಲು ಆವಿಯಾಗುತ್ತದೆ, ಅದಕ್ಕೇ ನಿಲ್ಲುತ್ತದೆ. ಔಷಧ? ಪಂಪಿಗೆ ಒದ್ದೆ ಬಟ್ಟೆ. ಅಂದಿನಿಂದ ಕಾರಿನಲ್ಲಿ ಒಂದು ಬಿಂದಿಗೆ ನೀರು ಮತ್ತು ನನ್ನ ಹಳೆಯ ಸೀರೆಯ ತುಂಡು. ಕಾರು ನಿಂತಾಗ ಇವರು ಮೊದಲು ಹಿಂದೆ ಹೋಗಿ ಕೋಲು ಇಳಿಬಿಟ್ಟು ನೋಡುವರು, ಆಮೇಲೆ ಮುಂದೆ ಬಂದು ಬಾನೆಟ್ಟು ಎತ್ತಿ ಒದ್ದೆ ಬಟ್ಟೆ ಸುತ್ತುವರು, ಆಮೇಲೆ ಕೂತು ಕೀಲಿ ತಿರುಗಿಸುವರು. ಕಾರು ಹೊರಡುವುದು. “ನೋಡಿದ್ಯಾ?” ಎನ್ನುವರು. ನೋಡಿದೆ. ಇನ್ನು ಇಪ್ಪತ್ತೈದು ನಿಮಿಷಕ್ಕೆ ಮತ್ತೆ ನಿಲ್ಲುವುದನ್ನೂ ನೋಡಿದೆ.

ದೀಪಾವಳಿ ಹೊತ್ತಿಗೆ ವರ್ಗದ ಆರ್ಡರು ಬಂತು. ವಿಜಯವಾಡ. ತಿಂಗಳೊಳಗೆ ಅಲ್ಲಿ ಹಾಜರಾಗಬೇಕು. ಸಾಮಾನಿಗೆ ಲಾರಿ ಸಿಗುತ್ತದೆ, ಕಾರಿಗೆ ಸಿಗುವುದಿಲ್ಲ. ಅದು ತನ್ನ ಗಾಲಿಯ ಮೇಲೆ ತಾನೇ ಬರಬೇಕು, ಬೆಳಿಗ್ಗೆ ಹೊರಟರೆ ಸಂಜೆಯವರೆಗಿನ ದಾರಿ. ಇಪ್ಪತ್ತೈದು ನಿಮಿಷಕ್ಕೊಮ್ಮೆ ನಿಲ್ಲುವ ಕಾರು ಯಾವ ಕಾಲಕ್ಕೆ ವಿಜಯವಾಡ ಮುಟ್ಟೀತು?

“ಕಾರ್‌ಕಿ ಕೂಡಾ ಟ್ರಾನ್ಸ್‌ಫರ್ ಇಷ್ಟಂ ಲೇದಮ್ಮಾ,” ಎಂದಳು ಮಗಳು. ಕಾರಿಗೂ ವರ್ಗ ಇಷ್ಟವಿಲ್ಲವಂತೆ. ಅವಳಾಗ ಎಂಟನೇ ಕ್ಲಾಸು. ನಮ್ಮ ಜೊತೆ ಕನ್ನಡ, ಉಳಿದ ಜಗತ್ತಿನ ಜೊತೆ ತೆಲುಗು, ಸಿಟ್ಟು ಬಂದರೆ ನಮ್ಮ ಜೊತೆಗೂ ತೆಲುಗೇ. ಗೆಳತಿಯರನ್ನು ಬಿಟ್ಟುಹೋಗಬೇಕೆಂದು ಆ ತಿಂಗಳೆಲ್ಲ ಬರೀ ತೆಲುಗು.

ಭಾನುವಾರಗಳ ಕಥೆ ಅಲ್ಲಿಂದ ಶುರು. ಇವರಿಗೆ ಪರಿಚಯದ ಒಬ್ಬ ಮುದುಕ ಮೆಕ್ಯಾನಿಕ್ ಮನೆಗೆ ಬರುತ್ತಿದ್ದ. ತೆಲುಗಿನವನು, ಮೇಸ್ತ್ರಿಗಾರು ಎಂದು ಕರೆಯುತ್ತಿದ್ದೆವು. ಗಂಭೀರ ಮನುಷ್ಯ. ಕಾರಿನ ಎದೆಗೆ ಕಿವಿಯಿಟ್ಟು ಕೇಳುವಾಗ ನನಗೆ ಅಪ್ಪನ ನೆನಪಾಗುತ್ತಿತ್ತು, ಆಮೇಲೆ ಅವನು ಬೀಡಿ ಹಚ್ಚುತ್ತಿದ್ದ, ನೆನಪು ಹೋಗುತ್ತಿತ್ತು.

ಮೊದಲ ಭಾನುವಾರ ಪ್ಲಗ್ಗು ಬಿಚ್ಚಿದರು. ಮಸಿ ಕೆರೆದರು. ನನ್ನ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದರು ಎಂದು ಮರುದಿನ ಬೆಳಿಗ್ಗೆ ಬಾಯಿಗಿಟ್ಟ ಮೇಲೆ ಗೊತ್ತಾಯಿತು. ಎರಡನೇ ಭಾನುವಾರ ಕಂಡೆನ್ಸರು ಬದಲಾಯಿಸಿದರು, ಅಡಿಕೆಯಷ್ಟು ದಪ್ಪದ ಒಂದು ಡಬ್ಬಿ, ಅದೇ ಮೂಲ ಕಾರಣ ಎಂದು ಇಬ್ಬರೂ ಕೈ ಕುಲುಕಿಕೊಂಡರು. ಅಂಗಳದಲ್ಲಿ ಒಂದು ತಾಸು ಎಂಜಿನು ಓಡಿಸಿಟ್ಟರು. ಒಂದು ಕೆಮ್ಮೂ ಇಲ್ಲ. ಸೋಮವಾರ ಬ್ಯಾಂಕಿನ ದಾರಿಯಲ್ಲಿ ನಿಂತಿತು.

“ಇಂಟ್ಲೋ ಬಂಗಾರಂ, ರೋಡ್ಡು ಮೀದ ರೌಡಿ,” ಎಂದ ಮೇಸ್ತ್ರಿ. ಮನೆಯಲ್ಲಿ ಬಂಗಾರ, ರಸ್ತೆಗಿಳಿದರೆ ರೌಡಿ.

“ಥೇಟ್ ನನ್ನ ಹೆಂಡತಿ ಹಂಗ, ಖರೆ ಉಲ್ಟಾ,” ಎಂದರು ಇವರು ಕನ್ನಡದಲ್ಲಿ. ಮೇಸ್ತ್ರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಇವರಿಗೆ ಅವತ್ತು ಎರಡನೇ ಕಾಫಿ ಬರಲಿಲ್ಲ.

ಮೂರನೇ ಭಾನುವಾರ ಕಾರ್ಬ್ಯುರೇಟರು. ಈ ಪದ ಫೋನಿನಲ್ಲಿ ಟೈಪು ಮಾಡಲು ನನಗೆ ಹತ್ತು ನಿಮಿಷ ಹಿಡಿಯಿತು, ಅದನ್ನು ಬಿಚ್ಚಿ ಕೂಡಿಸಲು ಅವರಿಗೆ ಮೂರು ದಿನ. ಊಟದ ಮೇಜಿನ ಮೇಲೆ ಪೇಪರು ಹಾಸಿ, ಮೇಲೆ ಸ್ಕ್ರೂ, ಸ್ಪ್ರಿಂಗು, ಹಿತ್ತಾಳೆಯ ಸಣ್ಣ ಸಣ್ಣ ಕೊಳವೆಗಳು. ನಾವು ಮೂರು ದಿನ ನೆಲದ ಮೇಲೆ ಕೂತು ಉಂಡೆವು. ಪೆಟ್ರೋಲು ಸೋಸಲು ನನ್ನ ಚಹಾ ಜಾಲರಿ ಹೋಯಿತು. ಸಾರಿಗೆ, ಪಲ್ಯಕ್ಕೆ, ತಲೆದಿಂಬಿಗೆ ಎಲ್ಲಕ್ಕೂ ಅದೇ ವಾಸನೆ. ಕೊನೆಗೆ ಕೂಡಿಸಿದಾಗ ಒಂದು ವಾಷರು ಉಳಿಯಿತು. ಅದನ್ನು ಇಬ್ಬರೂ ಸ್ವಲ್ಪ ಹೊತ್ತು ನೋಡಿದರು. ಇವರು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.

ಒಂದು ಮಾತು ಹೇಳಬೇಕು. ಮೇಸ್ತ್ರಿ ಕೆಲಸ ಮುಗಿದ ಮೇಲೆ ಬನಿಯನ್ ಬಟ್ಟೆ ಹಿಡಿದು ಇಡೀ ಕಾರನ್ನು ಒರೆಸಿ ಹೋಗುತ್ತಿದ್ದ. ಆದರೆ ಪೆಟ್ರೋಲ್ ಮುಚ್ಚಳದ ಕುಂಕುಮವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬೆರಳು ತಾಗಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಇವರೂ ಅಷ್ಟೇ, ದೇವರ ಗೊಡವೆಯಿಲ್ಲದ ಮನುಷ್ಯ, ಆದರೂ ಬೊಟ್ಟು ಕೆಡಬಾರದೆಂದು ಮುಚ್ಚಳವನ್ನು ಅಂಚು ಹಿಡಿದೇ ತಿರುಗಿಸುತ್ತಿದ್ದರು. ಉಳಿದ ಕಡೆಯ ಕುಂಕುಮ ಸಮುದ್ರದ ಗಾಳಿಗೆ ಎಂದೋ ಕರಗಿ ಹೋಗಿತ್ತು. ಪುಟ್ಟ ಬಾಗಿಲಿನ ಒಳಗಿದ್ದ ಇದೊಂದು ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಪೂಜೆಯ ಕುಂಕುಮವನ್ನು ಯಾರಾದರೂ ಒರೆಸುತ್ತಾರೆಯೇ?

ನಾಲ್ಕನೇ ಭಾನುವಾರ ಪ್ಲಗ್ಗಿಗೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲು ಹೊಸದು ಬಂತು. ಆಗಲೇ ಚಳಿ ಬಿದ್ದಿತ್ತು. ಬಿಸಿಲಿಲ್ಲ, ಬೆವರಿಲ್ಲ, ಒದ್ದೆ ಬಟ್ಟೆಗೆ ಅರ್ಥವಿಲ್ಲ. ಆದರೂ ಕಾರು ನಿಂತರೆ ಇವರು ಬಟ್ಟೆ ಸುತ್ತುವುದು ಬಿಡಲಿಲ್ಲ, ಕಾರೂ ಬಟ್ಟೆ ಸುತ್ತಿದ ಮೇಲೆ ಹೊರಡುವುದು ಬಿಡಲಿಲ್ಲ. ಹುಚ್ಚು ಹಿಡಿಸುವುದು ಅದೇ. ಪೂರ್ತಿ ಕೆಟ್ಟರೆ ಅಳಬಹುದು, ಪೂರ್ತಿ ನೆಟ್ಟಗಾದರೆ ನಗಬಹುದು. ಇದು ಪ್ರತಿ ಸಲ ಗುಣವಾಗಿ ಪ್ರತಿ ಸಲ ಕಾಯಿಲೆ ಬೀಳುತ್ತಿತ್ತು. ಇವರು ಊಟದ ನಡುವೆ ಕೈ ನಿಲ್ಲಿಸಿ ಗೋಡೆ ನೋಡುತ್ತಿದ್ದರು. ನಾನು ಏನಾದರೂ ಕೇಳಿದರೆ, “ತಡಿ, ವಿಚಾರ ಮಾಡಾಕತ್ತೀನಿ,” ಎಂದು ಸಿಡುಕುತ್ತಿದ್ದರು. ನಾನೂ ಸಿಡುಕಿದೆ. ಮಗಳು ತೆಲುಗಿನಲ್ಲಿ ಇಬ್ಬರ ಮೇಲೂ ಸಿಡುಕಿದಳು.

ಆ ವಾರ ಒಬ್ಬ ವ್ಯಾಪಾರಿ ಬಂದ. ಹಳೇ ಕಾರು ಕೊಂಡು ಬಿಚ್ಚಿ, ಭಾಗ ಭಾಗ ಮಾಡಿ ಮಾರುವವನು. ಇವರೇ ಹೇಳಿ ಕಳಿಸಿದ್ದರು, ನನಗೆ ಹೇಳಿರಲಿಲ್ಲ. ಅವನು ಕಲ್ಲಂಗಡಿ ಆರಿಸುವವನ ಹಾಗೆ ಬಾಗಿಲಿಗೆಲ್ಲ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ. ಒಳಗೆ ಕೈ ಹಾಕಿ ಅಪ್ಪನ ಕೊಕ್ಕೆ ಎಳೆದು, “ಇದಿ ಇತ್ತಡೇನಾ ಅಮ್ಮಾ?” ಎಂದ. ಹಿತ್ತಾಳೆಯೇ ಎಂದು. ಕೊಕ್ಕೆಯಲ್ಲಿ ನನ್ನ ಮಲ್ಲಿಗೆ ಇನ್ನೂ ಇತ್ತು. ನಾನು ಒಳಗೆ ಹೋಗಿ ಅವನಿಗೆ ಸಕ್ಕರೆ ಹಾಕದ ಕಾಫಿ ತಂದುಕೊಟ್ಟೆ.

ಅವನು ಹೋದ ಮೇಲೆ ನಾವು ಜಗಳಕ್ಕೆ ನಿಂತೆವು.

“ತುಂಡು ತುಂಡು ಮಾಡಿ ಮಾರ್ತಾನಂತ! ನಮ್ಮಪ್ಪನ ಕಾರು ಏನ್ ಕುಂಬಳಕಾಯೇನ್ರೀ?”

“ಮತ್ತೇನ್ ಮಾಡ್ಲಿ ಹೇಳು. ಹೆಗಲ ಮ್ಯಾಲೆ ಹೊತ್ಕೊಂಡು ವಿಜಯವಾಡಾಕ್ಕ ಹೋಗ್ಲೇನು? ಮುಂದಿನ ವಾರ ಹಾಜರ ಆಗಬೇಕು ನಾ.”

“ಇನ್ನೊಂದ್ ಸಲ ನೋಡ್ರಿ.”

ಇವರು ಬೆರಳು ಮಡಚಿ ದಿನ ಎಣಿಸಿದರು. “ಆತು. ಮೇಸ್ತ್ರಿ ಶುಕ್ರವಾರ ಹೊಸಾ ಪಂಪು ಹಾಕ್ತಾನ. ಅದ ಕಡೀದು, ಇನ್ನ ಬದಲಿ ಮಾಡಾಕ ಏನೂ ಉಳದಿಲ್ಲ. ಭಾನುವಾರ ಭೀಮಿಲಿಗೆ ಹೋಗಿ ಬರೂಣು, ಒಂದ್ ತಾಸಿನ ದಾರಿ. ಎಲ್ಲೂ ನಿಲ್ಲದ ಹೋಗಿ ಬಂದ್ರ ವಿಜಯವಾಡಾಕ್ಕ ಇದ್ರಾಗ ಹೋಗೂಣು. ಒಂದ್ ಸಲ ನಿಂತ್ರೂ, ಸೋಮವಾರ ಆ ಮನಷ್ಯಾ ಬಂದು ಒಯ್ತಾನ. ಆಮ್ಯಾಲೆ ಅತ್ತು ಕರದು ಮಾಡಂಗಿಲ್ಲ.”

“ನಾ ಯಾವಾಗ ಅತ್ತೇನ್ರೀ? ಬಾನೆಟ್ಟಿನ ಮ್ಯಾಲೆ ತಲಿ ಇಟ್ಟು ಅಳಾವ್ರು ನೀವು.”

ಶುಕ್ರವಾರ ಪಂಪು ಬಂತು. ಮೇಸ್ತ್ರಿ ಹಾಕಿದ, ಓಣಿಯ ಮೂಲೆಯವರೆಗೆ ಹೋಗಿ ಬಂದ, ಬಂಗಾರಂ ಎಂದ. ನಾನು ಬಂಗಾರ ಎಂಬ ಮಾತು ಕೇಳಿದರೆ ನಡುಗುವ ಹಾಗಾಗಿದ್ದೆ.

ಶನಿವಾರ ಮಧ್ಯಾಹ್ನ ದಾರಿಗೆಂದು ಚಕ್ಕುಲಿ ಮಾಡಲು ಕೂತೆ. ಕಾರು ಇರಲಿ, ಬಿಡಲಿ, ಬಸ್ಸಿನಲ್ಲಾದರೂ ತಿನ್ನಬೇಕಲ್ಲ. ಶೇಂಗಾ ಎಣ್ಣೆಯ ಹೊಸ ಡಬ್ಬ ತೆಗೆಯಲು ಮಗಳಿಗೆ ಹೇಳಿದೆ. ಅವಳು ಮೊಳೆ ಇಟ್ಟು ಸುತ್ತಿಗೆಯಿಂದ ಒಂದು ತೂತು ಹೊಡೆದು ಡಬ್ಬ ಬಗ್ಗಿಸಿದಳು. ಎಣ್ಣೆ ಗುಳುಗುಳು ಎಂದು ಸ್ವಲ್ಪ ಬಂತು, ಬಿಕ್ಕಳಿಸಿತು, ನಿಂತಿತು. ಡಬ್ಬ ಅಲ್ಲಾಡಿಸಿದಳು. ಎರಡು ಹನಿ.

“ಅಮ್ಮಾ, ನೂನೆ ರಾವಟ್ಲೇದು!” ಎಣ್ಣೆ ಬರುತ್ತಿಲ್ಲವಂತೆ.

“ಎಂಟನೇತ್ತಾ ಓದ್ತಿ, ಅಷ್ಟೂ ತಿಳಿಯಂಗಿಲ್ಲಾ? ಈ ಕಡೆ ಇನ್ನೊಂದ್ ತೂತು ಹೊಡಿ. ಗಾಳಿ ಒಳಗ ಹೋಗಬೇಕು, ಅಂದ್ರ ಎಣ್ಣಿ ಹೊರಗ...”

ಮಾತು ಅಲ್ಲೇ ನಿಂತಿತು. ಡಬ್ಬದ ಆ ಬಿಕ್ಕಳಿಕೆ ನನಗೆ ಗೊತ್ತಿತ್ತು. ಒಂದೂವರೆ ತಿಂಗಳಿಂದ ಅದೇ ಬಿಕ್ಕಳಿಕೆ ಕೇಳುತ್ತಾ ಮುಂದಿನ ಸೀಟಿನಲ್ಲಿ ಕೂತಿದ್ದೆ. ಮಗಳು ಎರಡನೇ ತೂತು ಹೊಡೆದಳು. ಡಬ್ಬ ಸ್ಸ್ ಎಂದು ಉಸಿರೆಳೆದುಕೊಂಡಿತು, ಎಣ್ಣೆ ದಾರದ ಹಾಗೆ ಸುರಿಯಿತು. ಆ ಸ್ಸ್ ಕೂಡ ನಾನು ಕೇಳಿದ್ದೇ! ಕಾರು ನಿಂತಾಗಲೆಲ್ಲ ಇವರು ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದರೆ ಅದೇ ಸದ್ದು ಬರುತ್ತಿತ್ತು. ಇವರು ನನ್ನ ತವರಿನ ಮೇಲಿನ ಸಿಟ್ಟಿಗೆ ಹಲ್ಲು ಕಚ್ಚಿ ಉಸಿರು ಬಿಡುತ್ತಿದ್ದಾರೆ ಎಂದುಕೊಂಡಿದ್ದೆ.

ಕೈಗೆ ಅಂಟಿದ ಹಿಟ್ಟಿನ ಸಮೇತ ಹೊರಗೆ ಓಡಿದೆ. ಪುಟ್ಟ ಬಾಗಿಲು ತೆಗೆದೆ. ಮುಚ್ಚಳದ ನಡುಮಧ್ಯೆ ನನ್ನ ಕುಂಕುಮ ಕಲ್ಲಿನ ಹಾಗೆ ಕೂತಿತ್ತು. ಬಳೆಯಲ್ಲಿದ್ದ ಸೇಫ್ಟಿ ಪಿನ್ನು ತೆಗೆದು ಕೆರೆದೆ. ಮೇಲಿನ ಪದರು ಹೋಯಿತು. ನಡುವೆ ಪಿನ್ನು ಚುಚ್ಚಿದೆ, ಪುಸಕ್ಕನೆ ಒಳಗೆ ಹೋಯಿತು. ತೂತು! ಸಾಸಿವೆಯಷ್ಟು ತೂತು. ಕಾರು ಮಾಡಿದವರು ಟ್ಯಾಂಕಿಗೆ ಗಾಳಿ ಹೋಗಲೆಂದು ಇಟ್ಟ ಎರಡನೇ ತೂತು. ಅದನ್ನು ನಾನು ಗಂಧ ತೇಯ್ದು, ಭಕ್ತಿಯಿಂದ, ರೂಪಾಯಿ ಅಗಲಕ್ಕೆ ಮೆತ್ತಿ ಮುಚ್ಚಿದ್ದೆ.

ಎಲ್ಲ ಬಿಡಿಸಿಕೊಂಡಿತು. ಎಂಜಿನು ಪೆಟ್ರೋಲು ಎಳೆದ ಹಾಗೆ ಟ್ಯಾಂಕಿನೊಳಗೆ ಗಾಳಿಯಿಲ್ಲದೆ ಬಿಗಿದುಕೊಳ್ಳುತ್ತಿತ್ತು, ಇಪ್ಪತ್ತೈದು ನಿಮಿಷಕ್ಕೆ ಪೆಟ್ರೋಲು ಬರುವುದೇ ನಿಲ್ಲುತ್ತಿತ್ತು. ಇವರು ಕೋಲು ಹಾಕಲು ಮುಚ್ಚಳ ತೆಗೆದಾಗ ಗಾಳಿ ಒಳಗೆ ಹೋಗಿ ಕಾರು ಗುಣವಾಗುತ್ತಿತ್ತು. ಹೆಸರು ಮಾತ್ರ ಒದ್ದೆ ಬಟ್ಟೆಗೆ, ಕಂಡೆನ್ಸರಿಗೆ, ಕಾಯಿಲಿಗೆ. ಅಂಗಳದಲ್ಲಿ ಸುಮ್ಮನೆ ನಿಂತು ಓಡುವ ಎಂಜಿನು ಕುಡಿಯುವುದು ಕಡಿಮೆ, ಅದಕ್ಕೇ ಮನೆಯಲ್ಲಿ ಬಂಗಾರ.

“ರೀ...” ಎಂದು ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡೆ. ರೋಗ ಕಂಡುಹಿಡಿದವಳು ನಾನು. ಹೇಳಿದರೆ ಎಂಥ ಹೆಸರು! ಆದರೆ ರೋಗ ತಂದವಳೂ ನಾನೇ. ನಾಲ್ಕು ಭಾನುವಾರ, ಹೊಸ ಪಂಪು, ಹೊಸ ಕಾಯಿಲು, ಮೂರು ದಿನ ನೆಲದ ಮೇಲಿನ ಊಟ ಎಲ್ಲಕ್ಕೂ ಕಾರಣ ನನ್ನ ಒಂದು ಬೊಟ್ಟು. ಇವರು ಅದನ್ನು ನನ್ನ ಮೊಮ್ಮಕ್ಕಳ ಮದುವೆಯಲ್ಲೂ ಹೇಳದೆ ಬಿಡುತ್ತಿರಲಿಲ್ಲ. ಕೆರೆದ ಪುಡಿಯನ್ನು ತುಳಸಿ ಗಿಡಕ್ಕೆ ಹಾಕಿ, ಮುಚ್ಚಳದ ಅಂಚಿಗೆ ಸಣ್ಣದೊಂದು ಹೊಸ ಬೊಟ್ಟಿಟ್ಟು, ಒಳಗೆ ಬಂದು ಚಕ್ಕುಲಿ ಒತ್ತಿದೆ.

ಭಾನುವಾರ ಭೀಮಿಲಿಗೆ ಹೊರಟೆವು. ಸಮುದ್ರದ ದಂಡೆಯ ರಸ್ತೆ. ಇಪ್ಪತ್ತು ನಿಮಿಷ ಆಯಿತು. ಇವರ ಎರಡೂ ಕೈ ಸ್ಟೀರಿಂಗನ್ನು ಕತ್ತು ಹಿಡಿದ ಹಾಗೆ ಹಿಡಿದಿದ್ದವು. ಇಪ್ಪತ್ತೈದಾಯಿತು. ನಾನೂ ಉಸಿರು ಹಿಡಿದೆ, ತೂತು ಕಂಡಿದ್ದರೂ ಮನಸ್ಸು ನಂಬಬೇಕಲ್ಲ. ಅಪ್ಪನ ಕೊಕ್ಕೆ ನೋಡುತ್ತಾ ಕೂತೆ. ಮೂವತ್ತು. ಮಗಳು ಹಿಂದಿನಿಂದ, “ನಾನ್ನಾ, ಆಗಲೇದು!” ಎಂದಳು. ಅಪ್ಪಾ, ನಿಲ್ಲಲಿಲ್ಲ ಎಂದು. ಇವರು, “ಸುಮ್ಕಿರು, ದೃಷ್ಟಿ ಆಗ್ತೈತಿ,” ಎಂದರು, ಜೀವನದಲ್ಲಿ ಮೊದಲ ಸಲ.

ಭೀಮಿಲಿ ಮುಟ್ಟಿದೆವು. ತಿರುಗಿಸಿದೆವು. ಮನೆಗೆ ಬಂದೆವು. ಒಂದು ಕೆಮ್ಮಿಲ್ಲ.

“ಪಂಪು!” ಎಂದರು ಇವರು, ಬಾನೆಟ್ಟು ತಟ್ಟಿ. “ನಾ ಮೊದಲನೇ ದಿನಾನ ಹೇಳಿದ್ದೆ ನಿನಗ, ಪಂಪು ಅಂತ. ಹೇಳಿದ್ನೋ ಇಲ್ಲೋ?”

“ಹೇಳಿದ್ರಿ,” ಎಂದೆ. ಮೇಸ್ತ್ರಿ ಬಂದು ಮೀಸೆ ತಿರುವಿದ. ಅವನಿಗೆ ಚಕ್ಕುಲಿ ಕೊಟ್ಟೆ, ಸಿಹಿ ಕಾಫಿ ಕೊಟ್ಟೆ. ವ್ಯಾಪಾರಿಗೆ ಬೇಡವೆಂದು ಹೇಳಿ ಕಳಿಸಿದರು.

ವಿಜಯವಾಡಕ್ಕೆ ಅಪ್ಪನ ಕಾರಿನಲ್ಲೇ ಹೋದೆವು, ದಾರಿಯಲ್ಲಿ ನಾವು ಹಸಿದಾಗ ಮಾತ್ರ ನಿಂತಿತು. ಅಲ್ಲಿ ಇವರ ಬ್ಯಾಂಕು ಒನ್ ಟೌನ್ ಎಂಬ ಹಳೇ ಪೇಟೆಯಲ್ಲಿ. ಅಲ್ಲಿಯ ಸಗಟು ಅಂಗಡಿಯವರಿಗೆ, ಗುಮಾಸ್ತರಿಗೆ, ಮನೆ ಮಾಲೀಕರಿಗೆ, ಕೊಂಡಪಲ್ಲಿಗೆ ಬೊಂಬೆ ಕೊಳ್ಳಲು ಹೋದಾಗ ಬೊಂಬೆ ಮಾಡುವವನಿಗೂ ಇವರು ಅದೇ ಕಥೆ ಹೇಳಿದರು. ಪಂಪಿನ ಕಥೆ. ಪ್ರತಿ ಸಲ ಕೊನೆಗೆ, “ಹೆಣ್ಮಕ್ಕಳಿಗೆ ಮಷೀನು ತಿಳಿಯಂಗಿಲ್ಲ ನೋಡ್ರಿ,” ಎಂದು ಒಗ್ಗರಣೆ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿರಬೇಕು. ಕಾರು ಕೆಟ್ಟ ಒಂದೂವರೆ ತಿಂಗಳಿಗಿಂತ ಅದು ಕೆಡದ ಆ ವರ್ಷ ನನಗೆ ಭಾರವಾಯಿತು.

ಮತ್ತೆ ದಸರೆ ಬಂತು. ಬಟ್ಟಲು ಹಿಡಿದು ಬಾನೆಟ್ಟಿಗೆ, ಗಾಲಿಗೆ, ಕೊಕ್ಕೆಗೆ ಹಚ್ಚಿದೆ. ಹಿಂದಿನ ಪುಟ್ಟ ಬಾಗಿಲನ್ನು ಬಿಟ್ಟು ಮುಂದೆ ಬಂದೆ. ಇವರು ಆರತಿ ತಟ್ಟೆ ಹಿಡಿದು ನಿಂತಿದ್ದರು.

“ಟ್ಯಾಂಕಿನ ಬಾಯಿಗೆ ಯಾಕ ಹಚ್ಚಲಿಲ್ಲ? ಹೋದ ವರ್ಷ ಇಷ್ಟಗಲ ಹಚ್ಚಿದ್ದೆಲ್ಲಾ? ಪೂಜಿ ಅರ್ಧಾ ಮಾಡಬಾರ್ದು. ಪಂಪು ಗಿಂಪು ಮತ್ತ ಕೈ ಕೊಟ್ಟೀತು.”

ಪಂಪು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕಟ್ಟೆ ಒಡೆಯಿತು. “ಪಂಪೂ ಅಲ್ಲ, ಗಿಂಪೂ ಅಲ್ರೀ!” ಎಂದು ಶುರು ಮಾಡಿ, ಕುಂಕುಮ, ಎಣ್ಣೆ ಡಬ್ಬ, ಸೇಫ್ಟಿ ಪಿನ್ನು, ತುಳಸಿ ಗಿಡ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. “ನಿಮ್ಮ ಪಂಪು ಏನೂ ಮಾಡಿಲ್ಲ. ರಿಪೇರಿ ಮಾಡಿದಾಕಿ ನಾನು!”

ಇವರು ತಟ್ಟೆ ಕೆಳಗಿಟ್ಟು ಹಿಂದೆ ಹೋದರು. ಮುಚ್ಚಳ ತೆಗೆದು ಬೆಳಕಿಗೆ ಹಿಡಿದರು. ಸಾಸಿವೆಯಷ್ಟು ತೂತಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಮುಚ್ಚಳ ಮತ್ತೆ ಹಾಕಿ, ನನ್ನ ಮುಂದೆ ಬಂದು ನಿಂತು, ಕನ್ನಡಕ ತೆಗೆದು ಹಣೆ ಮುಂದೆ ಚಾಚಿದರು.

“ಇನ್ನ ಮ್ಯಾಲೆ ಕುಂಕುಮ ಹಚ್ಚೋದಿದ್ರ ನನಗ ಹಚ್ಚು. ನೀ ಉಸಿರು ಕಟ್ಟಿಸಿದ್ರೂ ನಿಲ್ಲದ ಓಡಾಂವ ಈ ಮನ್ಯಾಗ ನಾ ಒಬ್ಬನ ಅದೀನಿ.”